ಚಾಮುಂಡೇಶ್ವರಿ: ಹೆಸರು ಒಂದು, ಕ್ಷೇತ್ರ ಎರಡು

2018ರ ಮೇ 15ರಂದು ಮೈಸೂರು ಜಿಲ್ಲೆಯ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಜಾತ್ಯತೀತ ಜನತಾ ದಳದ (ಜೆಡಿಎಸ್) ಜಿ.ಟಿ. ದೇವೇಗೌಡರಿಗೆ 1,21,325 ಮತ, ಆಗಿನ ಮುಖ್ಯಮಂತ್ರಿ, ಕಾಂಗ್ರೆಸ್‌ನ ಸಿದ್ದರಾಮಯ್ಯನವರಿಗೆ 85,283 ಮತ ಬಂದಿದ್ದವು. ಅಂತರ 36,042. ಮೈಸೂರಿನ ಕಡೆ ಈ ಫಲಿತಾಂಶದ ಮಾತು ಬಂದಾಗಲೆಲ್ಲ ಒಂದೇ ವಾಕ್ಯ ಕೇಳಿಬರುತ್ತದೆ: ಐದು ಸಲ ಗೆಲ್ಲಿಸಿದ ಜನರೇ ಆರನೇ ಸಲ ಕೈಬಿಟ್ಟರು. ಈ ಮಾತಿನಲ್ಲಿ ಐದು ಗೆಲುವಿನ ಲೆಕ್ಕ ಸರಿ, ಸೋಲಿನ ಲೆಕ್ಕವೂ ಸರಿ. ತಪ್ಪಿರುವುದು 'ಜನರೇ' ಎನ್ನುವಲ್ಲಿ. ಐದು ಸಲ ಗೆಲ್ಲಿಸಿದ ಚಾಮುಂಡೇಶ್ವರಿ ಒಂದು ನಕ್ಷೆ, 2018ರಲ್ಲಿ ಸೋಲಿಸಿದ ಚಾಮುಂಡೇಶ್ವರಿ ಇನ್ನೊಂದು ನಕ್ಷೆ. ನಡುವೆ 2008ರ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದದ್ದು, ಇದೆ. ಇದನ್ನು ಬಿಟ್ಟು ಬರೆದ ಕ್ಷೇತ್ರದ ಇತಿಹಾಸ ಎಷ್ಟು ಅಂಕಿಗಳನ್ನು ಹೊತ್ತಿದ್ದರೂ ದಾರಿ ತಪ್ಪಿಸುತ್ತದೆ.

ಮೊದಲು ಹಳೆಯ ನಕ್ಷೆಯ ಕಾಲ ನೋಡೋಣ. 1976ರ ಪುನರ್ವಿಂಗಡಣೆ ಆದೇಶದಂತೆ ಕರ್ನಾಟಕ ವಿಧಾನಸಭೆಯ ಸ್ಥಾನಗಳು 216ರಿಂದ 224ಕ್ಕೆ ಏರಿದವು. ಆ ಗಡಿಗಳ ಮೇಲೆ 1978, 1983, 1985, 1989, 1994, 1999, 2004, ಹೀಗೆ ಏಳು ಸಾರ್ವತ್ರಿಕ ಚುನಾವಣೆ ನಡೆದವು. ಮೂವತ್ತು ವರ್ಷ ಗಡಿ ಅಲುಗಲಿಲ್ಲ. ಆದ್ದರಿಂದ ಈ ಅವಧಿಯೊಳಗಿನ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

1983ರಲ್ಲಿ ಸಿದ್ದರಾಮಯ್ಯ ಇಲ್ಲಿಂದ ಮೊದಲ ಸಲ ವಿಧಾನಸಭೆಗೆ ಹೋದರು. ಭಾರತೀಯ ಲೋಕದಳದಿಂದ ಗೆದ್ದವರು ಎಂದೇ ಅವರ ರಾಜಕೀಯ ಪರಿಚಯಗಳು ಹೇಳುತ್ತವೆ. ಕೆಲವು ಪಟ್ಟಿಗಳಲ್ಲಿ ಪಕ್ಷೇತರ ಎಂದು ನಮೂದಾಗಿರುವುದೂ ಉಂಟು. ಆ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು, ಜನತಾ ಪಕ್ಷ 95 ಸ್ಥಾನ ಪಡೆಯಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಸಿದ್ದರಾಮಯ್ಯ ಹೆಗಡೆ ಸರ್ಕಾರವನ್ನು ಬೆಂಬಲಿಸಿದರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರ ಮಧ್ಯಂತರ ಚುನಾವಣೆಯಲ್ಲಿ ಜನತಾ ಪಕ್ಷದಿಂದಲೇ ಗೆದ್ದು ಸಚಿವರಾದರು. ರಾಜ್ಯದಲ್ಲಿ ಆ ಪಕ್ಷಕ್ಕೆ 139 ಸ್ಥಾನ ಬಂದಿತ್ತು.

1989ರಲ್ಲಿ ಕಾಂಗ್ರೆಸ್‌ಗೆ 178 ಸ್ಥಾನಗಳ ಅಲೆ. ಚಾಮುಂಡೇಶ್ವರಿಯಲ್ಲಿ ಕಾಂಗ್ರೆಸ್‌ನ ಎಂ. ರಾಜಶೇಖರಮೂರ್ತಿ ಗೆದ್ದರು, ಸಿದ್ದರಾಮಯ್ಯ ಸೋತರು. 1994ರಲ್ಲಿ ಜನತಾ ದಳಕ್ಕೆ 115 ಸ್ಥಾನ, ಸಿದ್ದರಾಮಯ್ಯ ಮತ್ತೆ ಗೆದ್ದು ಹಣಕಾಸು ಸಚಿವರಾದರು. 1999ರ ಹೊತ್ತಿಗೆ ದಳ ಒಡೆದಿತ್ತು. ಜಾತ್ಯತೀತ ಜನತಾ ದಳಕ್ಕೆ ಇಡೀ ರಾಜ್ಯದಲ್ಲಿ ಬಂದದ್ದು ಬರೀ 10 ಸ್ಥಾನ. ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿ ಇಲ್ಲಿ ಗೆದ್ದರು. 2004ರಲ್ಲಿ ಜೆಡಿಎಸ್ 58ಕ್ಕೆ ಏರಿತು, ಸಿದ್ದರಾಮಯ್ಯ ಗೆದ್ದು ಧರ್ಮಸಿಂಗ್ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾದರು.

ಈ ಸಾಲನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಳೆಯ ಚಾಮುಂಡೇಶ್ವರಿ ರಾಜ್ಯದ ಗಾಳಿಗೆ ವಿರುದ್ಧವಾಗಿ ನಿಂತದ್ದಿಲ್ಲ. 1983ರಿಂದ 2004ರವರೆಗಿನ ಆರೂ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಆ ಸಲ ಸರ್ಕಾರ ಮಾಡಿದ ಅಥವಾ ಸರ್ಕಾರದ ಜೊತೆಗಿದ್ದ ಪಾಳೆಯದವರು. ಸಿದ್ದರಾಮಯ್ಯನವರ ಎರಡು ಸೋಲುಗಳೂ ಕಾಂಗ್ರೆಸ್‌ಗೆ ಬಹುಮತ ಬಂದ ವರ್ಷಗಳಲ್ಲೇ ಆದವು. ಹಾಗಾದರೆ ಇದು ಯಾರದೋ ಭದ್ರಕೋಟೆ ಆಗಿತ್ತೇ? ನನ್ನ ಪ್ರಕಾರ ಇಲ್ಲ. ರಾಜ್ಯ ಎತ್ತ ವಾಲಿತೋ ಅತ್ತ ವಾಲುತ್ತಿದ್ದ ಕ್ಷೇತ್ರವಿದು. ಅಭ್ಯರ್ಥಿಯ ಹೆಸರು ದೊಡ್ಡದಾಗಿದ್ದರಿಂದ ಕ್ಷೇತ್ರದ ಈ ಗುಣ ಅದರ ಹಿಂದೆ ಮರೆಯಾಯಿತು.

ಗಾಳಿಯ ಲೆಕ್ಕ ಕೆಲಸಕ್ಕೆ ಬಾರದ ಒಂದೇ ಒಂದು ಚುನಾವಣೆ ಹಳೆಯ ನಕ್ಷೆಯಲ್ಲಿದೆ. ಅದು 2006ರ ಡಿಸೆಂಬರ್ ಉಪಚುನಾವಣೆ. 2005ರಲ್ಲಿ ಉಪಮುಖ್ಯಮಂತ್ರಿ ಸ್ಥಾನ ಹೋಯಿತು, ಜೆಡಿಎಸ್ ಜೊತೆಗಿನ ನಂಟೂ ಕಡಿಯಿತು. ಸಿದ್ದರಾಮಯ್ಯ ಕಾಂಗ್ರೆಸ್ ಸೇರಿದರು. ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದವರು ಇನ್ನೊಂದಕ್ಕೆ ಹೋಗಬೇಕಾದರೆ ಪಕ್ಷಾಂತರ ನಿಷೇಧ ಕಾಯ್ದೆಯ ಬಲೆಗೆ ಬೀಳದಂತೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋಗಬೇಕು. ಖಾಲಿಯಾದ ಸ್ಥಾನವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಎದುರಿಗೆ ನಿಂತದ್ದು ಜೆಡಿಎಸ್‌ನ ಎಂ. ಶಿವಬಸಪ್ಪ. ರಾಜ್ಯದಲ್ಲಿ ಆಗ ಇದ್ದದ್ದು ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್-ಬಿಜೆಪಿ ಸರ್ಕಾರ. ಅಧಿಕಾರದಲ್ಲಿದ್ದ ಎರಡೂ ಪಕ್ಷಗಳ ಬಲ ಒಂದು ಕಡೆ, ಪಕ್ಷ ಬದಲಿಸಿ ಬಂದ ಒಬ್ಬ ಅಭ್ಯರ್ಥಿ ಇನ್ನೊಂದು ಕಡೆ. ಕೊನೆಗೆ ಸಿದ್ದರಾಮಯ್ಯ ಗೆದ್ದರು, 257 ಮತಗಳ ಅಂತರದಲ್ಲಿ.

257 ಎಂಬ ಅಂಕಿಯ ಅರ್ಥ ಹಿಡಿಯಲು ಅದನ್ನು ಎರಡರಿಂದ ಭಾಗಿಸಬೇಕು. ಗೆದ್ದವರಿಗೆ ಹಾಕಿದ ಒಬ್ಬ ಮತದಾರ ಮನಸ್ಸು ಬದಲಿಸಿದರೆ ಒಂದು ಕಡೆ ಒಂದು ಇಳಿದು ಇನ್ನೊಂದು ಕಡೆ ಒಂದು ಏರುತ್ತದೆ, ಅಂತರದಲ್ಲಿ ಎರಡು ಕಡಿಮೆಯಾಗುತ್ತದೆ. ಹಾಗೆ ನೋಡಿದರೆ 129 ಜನ ಆ ಕಡೆ ಹಾಕಿದ್ದರೆ ಫಲಿತಾಂಶ ತಿರುಗುತ್ತಿತ್ತು. ಒಂದು ಸಣ್ಣ ಊರಿನ ಒಂದು ಬೀದಿಯ ಮತ ಅಷ್ಟಿರುತ್ತದೆ. ಇದೇ ಲೆಕ್ಕದಲ್ಲಿ 2018ರ ಚಾಮುಂಡೇಶ್ವರಿ ಫಲಿತಾಂಶ ತಿರುಗಲು 18,022 ಜನ ಮನಸ್ಸು ಬದಲಿಸಬೇಕಿತ್ತು. ಆ ಸಲ ಅವರು ನಿಂತಿದ್ದ ಎರಡನೇ ಕ್ಷೇತ್ರ ಬಾದಾಮಿಯಲ್ಲಿ ಅದೇ ದಿನ 1,696 ಮತಗಳಿಂದ ಗೆದ್ದದ್ದು ತಿರುಗಲು 849 ಜನ ಸಾಕಿತ್ತು. ಉಪಚುನಾವಣೆಯ ಅಂಕಿಗಳನ್ನು ಸಾರ್ವತ್ರಿಕ ಚುನಾವಣೆಯ ಸಾಲಿನಲ್ಲಿ ಸೇರಿಸಿ ಏರಿಳಿತದ ರೇಖೆ ಎಳೆಯುವುದು ಸರಿಯಲ್ಲ. ಉಪಚುನಾವಣೆಯಲ್ಲಿ ಇಡೀ ಸರ್ಕಾರ ಒಂದೇ ಕ್ಷೇತ್ರದಲ್ಲಿ ಬಂದು ಕೂರುತ್ತದೆ, ಹಳ್ಳಿಗೊಬ್ಬ ಸಚಿವ ಉಸ್ತುವಾರಿ ಎಂಬಂತಾಗುತ್ತದೆ. ಸಾಮಾನ್ಯ ಕಾಲದ ಒಲವು ಅಲ್ಲಿ ಕಾಣಿಸುವುದಿಲ್ಲ.

ಆ ಉಪಚುನಾವಣೆಯೇ ಹಳೆಯ ಚಾಮುಂಡೇಶ್ವರಿಯ ಕೊನೆಯ ಚುನಾವಣೆ. ಏಳು ಸ್ಪರ್ಧೆ, ಐದು ಗೆಲುವು, ಎರಡು ಸೋಲು: ಸಿದ್ದರಾಮಯ್ಯನವರ ಹಳೆಯ ನಕ್ಷೆಯ ಖಾತೆ ಅಲ್ಲಿಗೆ ಮುಗಿಯಿತು.

ಈಗ 2008. 2002ರ ಪುನರ್ವಿಂಗಡಣೆ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗಡಿಗಳನ್ನು ಹೊಸದಾಗಿ ಎಳೆಯಿತು. ಹೊಸ ಗಡಿಗಳ ಮೇಲೆ ನಡೆದ ದೇಶದ ಮೊದಲ ವಿಧಾನಸಭಾ ಚುನಾವಣೆ 2008ರ ಮೇ ತಿಂಗಳಿನದು, ಅದು ನಮ್ಮ ರಾಜ್ಯದ್ದೇ. ಆಯೋಗದ ಕೆಲಸ ಹೀಗಿತ್ತು. ರಾಜ್ಯದ ಸ್ಥಾನಗಳ ಸಂಖ್ಯೆ ಬದಲಿಸುವಂತಿರಲಿಲ್ಲ, 224 ಹಾಗೇ ಉಳಿಯಬೇಕು. 5.28 ಕೋಟಿ ಜನಸಂಖ್ಯೆಯನ್ನು 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2.36 ಲಕ್ಷ. ಮೊದಲು ಜಿಲ್ಲೆಗೆ ಎಷ್ಟು ಸ್ಥಾನ ಎಂದು ನಿಗದಿ, ಆಮೇಲೆ ಜಿಲ್ಲೆಯೊಳಗೆ ಗಡಿ. ಮೈಸೂರು ಜಿಲ್ಲೆಯ 26.41 ಲಕ್ಷ ಜನಕ್ಕೆ 11 ಸ್ಥಾನ, ಅಂದರೆ ಕ್ಷೇತ್ರಕ್ಕೆ ಸರಾಸರಿ 2.40 ಲಕ್ಷ. ಪಕ್ಕದ ಮಂಡ್ಯದ 17.64 ಲಕ್ಷಕ್ಕೆ 7, ಸರಾಸರಿ 2.52 ಲಕ್ಷ. ಇವು ಜನಸಂಖ್ಯೆಯ ಅಂಕಿ, ಮತದಾರರ ಅಂಕಿಯಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮಕ್ಕಳು ಮರಿ ಎಲ್ಲ ಸೇರಿ ಇಷ್ಟು.

ಈ ಲೆಕ್ಕ ಹೊಂದಿಸುವಾಗ ಮೈಸೂರು ಜಿಲ್ಲೆಯ ಬನ್ನೂರು ಕ್ಷೇತ್ರ ಅಳಿದುಹೋಯಿತು, ವರುಣಾ ಹುಟ್ಟಿತು. ನಂಜನಗೂಡು ಪರಿಶಿಷ್ಟ ಜಾತಿಗೆ, ಹೆಗ್ಗಡದೇವನಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಮಂಡ್ಯ ಜಿಲ್ಲೆಯಲ್ಲಿ ಕಿರುಗಾವಲು ಕ್ಷೇತ್ರ ಹೋಯಿತು, ಪಾಂಡವಪುರ ಹೋಗಿ ಮೇಲುಕೋಟೆ ಎಂಬ ಹೆಸರು ಬಂತು. ಇಂಥ ಕಡೆ ಗೊಂದಲ ಕಡಿಮೆ, ಏಕೆಂದರೆ ಹೆಸರೇ ಬದಲಾದಾಗ ಓದುಗ ತಾನಾಗಿ ಎಚ್ಚರ ವಹಿಸುತ್ತಾನೆ. ಕಷ್ಟವಿರುವುದು ಚಾಮುಂಡೇಶ್ವರಿಯಂಥ ಕಡೆ. ಹೆಸರು ಉಳಿಯಿತು, ಕ್ಷೇತ್ರದ ಕ್ರಮಸಂಖ್ಯೆ ಬದಲಾಗಿ 215 ಆಯಿತು, ಒಳಗಿನ ಊರುಗಳು ಬದಲಾದವು.

ವರುಣಾ ಕ್ಷೇತ್ರವನ್ನು ಮೈಸೂರು, ನಂಜನಗೂಡು, ತಿ. ನರಸೀಪುರ ಮೂರೂ ತಾಲ್ಲೂಕುಗಳ ಭಾಗಗಳಿಂದ ಜೋಡಿಸಲಾಯಿತು. ಹಳೆಯ ಚಾಮುಂಡೇಶ್ವರಿಯಲ್ಲಿದ್ದ ಊರುಗಳೂ ಅದಕ್ಕೆ ಹೋದವು. ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ಈಗ ಇರುವುದು ವರುಣಾದಲ್ಲಿ. ಲೋಕಸಭೆಯ ಮಟ್ಟದಲ್ಲೂ ದಾರಿ ಬೇರೆಯಾಯಿತು: ಚಾಮುಂಡೇಶ್ವರಿ ಮೈಸೂರು ಲೋಕಸಭಾ ಕ್ಷೇತ್ರದಲ್ಲಿ ಕೊಡಗಿನ ಜೊತೆಗೆ, ವರುಣಾ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ. ಹೊಸ ಚಾಮುಂಡೇಶ್ವರಿಯ ತೂಕ ಇಲವಾಲ, ಜಯಪುರ ಹೋಬಳಿಗಳ ಕಡೆಗೆ ಮತ್ತು ಮೈಸೂರು ನಗರದ ಹೊರಅಂಚಿನ ಬಡಾವಣೆಗಳ ಕಡೆಗೆ ವಾಲಿತು. ಜಿ.ಟಿ. ದೇವೇಗೌಡರ ಊರು ಗುಂಗ್ರಾಲ್ ಛತ್ರ ಇರುವುದು ಇದೇ ಇಲವಾಲ ಹೋಬಳಿಯಲ್ಲಿ. 2018ರಲ್ಲಿ ಯಾರ ತವರಿನಲ್ಲಿ ಯಾರು ಹೊರಗಿನವರಾಗಿ ನಿಂತರು ಎಂಬ ಪ್ರಶ್ನೆಯನ್ನು ಈ ನಕ್ಷೆ ಮುಂದಿಟ್ಟುಕೊಂಡು ಕೇಳಿದರೆ, ತವರಿನವರು ದೇವೇಗೌಡರು, ಹೊರಗಿನವರು ಸಿದ್ದರಾಮಯ್ಯ ಎಂಬ ಉತ್ತರ ಸಿಗುತ್ತದೆ.

ಹೊಸ ನಕ್ಷೆಯ ಮೇಲೆ ಇದುವರೆಗೆ ನಾಲ್ಕು ಚುನಾವಣೆ. 2008ರಲ್ಲಿ ಕಾಂಗ್ರೆಸ್‌ನ ಎಂ. ಸತ್ಯನಾರಾಯಣ ಗೆದ್ದರು, ರಾಜ್ಯದಲ್ಲಿ ಬಿಜೆಪಿ 110 ಸ್ಥಾನ ಪಡೆದು ಸರ್ಕಾರ ಮಾಡಿತು. 2013ರಲ್ಲಿ ಕಾಂಗ್ರೆಸ್ 122 ಸ್ಥಾನದೊಂದಿಗೆ ಗೆದ್ದಿತು, ಇಲ್ಲಿ ಮಾತ್ರ ಜೆಡಿಎಸ್‌ನ ಜಿ.ಟಿ. ದೇವೇಗೌಡರು ಸತ್ಯನಾರಾಯಣ ಅವರನ್ನು ಸುಮಾರು 7 ಸಾವಿರ ಮತಗಳಿಂದ ಸೋಲಿಸಿದರು. ಅದೇ ವರ್ಷ ಪಕ್ಕದ ವರುಣಾದಿಂದ ಗೆದ್ದ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದರು. 2018ರಲ್ಲಿ ಅಂತರ ಐದು ಪಟ್ಟಾಯಿತು. 2023ರಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ, ಜೆಡಿಎಸ್ 19ಕ್ಕೆ ಕುಸಿಯಿತು. ಆ 19ರಲ್ಲಿ ಚಾಮುಂಡೇಶ್ವರಿಯೂ ಒಂದು. ಕಾಂಗ್ರೆಸ್‌ನ ಸಿದ್ದೇಗೌಡರ ಎದುರು ಜಿ.ಟಿ. ದೇವೇಗೌಡರಿಗೆ 25 ಸಾವಿರಕ್ಕೂ ಹೆಚ್ಚಿನ ಅಂತರ ಸಿಕ್ಕಿತು.

ಹಳೆಯ ನಕ್ಷೆಯ ಗುಣ ಇಲ್ಲಿ ತಲೆಕೆಳಗಾಗಿದೆ. ಗಾಳಿ ಬೀಸಿದ ಕಡೆ ವಾಲುತ್ತಿದ್ದ ಕ್ಷೇತ್ರ 2008, 2013, 2023ರಲ್ಲಿ ರಾಜ್ಯದ ತೀರ್ಪಿಗೆ ಎದುರಾಗಿ ನಿಂತಿತು. 2018ರಲ್ಲಿ ಜೆಡಿಎಸ್-ಕಾಂಗ್ರೆಸ್ ಮೈತ್ರಿ ಸರ್ಕಾರ ಬಂದು ಜಿ.ಟಿ. ದೇವೇಗೌಡರು ಉನ್ನತ ಶಿಕ್ಷಣ ಸಚಿವರಾದದ್ದು ಫಲಿತಾಂಶದ ನಂತರದ ಹೊಂದಾಣಿಕೆ. ಮತದಾನದ ದಿನ ಆ ಎರಡು ಪಕ್ಷಗಳು ಇಲ್ಲಿ ಎದುರಾಳಿಗಳೇ. ಗಡಿ ಬದಲಾಗುತ್ತಿದ್ದಂತೆ ಕ್ಷೇತ್ರದ ನಡೆಯೂ ಬದಲಾದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ. ಅಭ್ಯರ್ಥಿಗಳು, ಪಕ್ಷಗಳು, ಕಾಲ ಎಲ್ಲವೂ ಬದಲಾಗಿವೆ ಎಂಬುದು ನಿಜ. ಆದರೆ ಮತ ಹಾಕುವ ಊರುಗಳೇ ಬದಲಾಗಿರುವುದು ಇವೆಲ್ಲಕ್ಕಿಂತ ಮೊದಲು ಬರೆಯಬೇಕಾದ ಸಂಗತಿ.

ವರುಣಾದ ಕಡೆ ಕಣ್ಣು ಹಾಯಿಸಿದರೆ ಇದು ಇನ್ನೂ ಸ್ಪಷ್ಟ. 2008, 2013ರಲ್ಲಿ ಸಿದ್ದರಾಮಯ್ಯ, 2018ರಲ್ಲಿ ಅವರ ಮಗ ಡಾ. ಯತೀಂದ್ರ 58,616 ಮತಗಳ ಅಂತರದಲ್ಲಿ, 2023ರಲ್ಲಿ ಮತ್ತೆ ಸಿದ್ದರಾಮಯ್ಯ ಬಿಜೆಪಿಯ ವಿ. ಸೋಮಣ್ಣ ಅವರ ಎದುರು 46,163 ಮತಗಳ ಅಂತರದಲ್ಲಿ. 2018ರ ಒಂದೇ ದಿನ, ಅಕ್ಕಪಕ್ಕದ ಎರಡು ಕ್ಷೇತ್ರಗಳಲ್ಲಿ ಅಪ್ಪ 36 ಸಾವಿರದಿಂದ ಸೋತರು, ಮಗ 58 ಸಾವಿರದಿಂದ ಗೆದ್ದರು.

ಸರಿ, ಹೆಸರನ್ನು ನಂಬದೆ ಊರುಗಳನ್ನು ಹಿಡಿದು ಇತಿಹಾಸ ಬರೆಯುವುದು ಹೇಗೆ? ಬೇಕಾದ ಕಾಗದಗಳು ಹೆಚ್ಚಿಲ್ಲ, ಬೇಕಾದ ತಾಳ್ಮೆ ಮಾತ್ರ ಬಹಳ.

ಮುಖ್ಯವಾದದ್ದು ನಮೂನೆ 20. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಿದ್ಧಪಡಿಸುವ ಅಂತಿಮ ಫಲಿತಾಂಶ ಪತ್ರ ಇದು. ಒಂದೊಂದು ಸಾಲು ಒಂದೊಂದು ಮತಗಟ್ಟೆ, ಒಂದೊಂದು ಕಾಲಂ ಒಬ್ಬೊಬ್ಬ ಅಭ್ಯರ್ಥಿ. ಕೊನೆಗೆ ನೋಟಾ, ಒಟ್ಟು, ತಳದಲ್ಲಿ ಅಂಚೆ ಮತಗಳ ಪ್ರತ್ಯೇಕ ಸಾಲು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಇತ್ತೀಚಿನ ಚುನಾವಣೆಗಳ ನಮೂನೆ 20 ಸಿಗುತ್ತದೆ. ಕೆಲವು ಸ್ಕ್ಯಾನ್ ಮಾಡಿದ ಪ್ರತಿಗಳು, ಅವುಗಳನ್ನು ಕೈಯಿಂದಲೇ ಟೈಪಿಸಬೇಕು. ಎರಡನೆಯದು ಆಯಾ ವರ್ಷದ ಮತಗಟ್ಟೆಗಳ ಪಟ್ಟಿ. ನಮೂನೆ 20ರಲ್ಲಿ ಮತಗಟ್ಟೆಯ ಸಂಖ್ಯೆ ಮಾತ್ರ ಇರುತ್ತದೆ, ಅದು ಯಾವ ಊರಿನ ಯಾವ ಶಾಲೆ ಎಂದು ಹೇಳುವುದು ಈ ಪಟ್ಟಿ. ಮೂರನೆಯದು ಮತದಾರರ ಪಟ್ಟಿಯ ಪ್ರತಿ ಭಾಗದ ಮುಖಪುಟ, ಅಲ್ಲಿ ಆ ಭಾಗಕ್ಕೆ ಸೇರಿದ ಬೀದಿಗಳು, ಊರು, ಅಂಚೆ ಕಚೇರಿ, ಪೊಲೀಸ್ ಠಾಣೆ, ತಾಲ್ಲೂಕಿನ ಹೆಸರುಗಳಿರುತ್ತವೆ. ನಾಲ್ಕನೆಯದು ಪುನರ್ವಿಂಗಡಣೆ ಆದೇಶದ ಗೆಜೆಟ್.

ಮೊದಲ ಎಡವು ಕಾಲಂಗಳಲ್ಲೇ ಆಗುತ್ತದೆ. ಅಭ್ಯರ್ಥಿಗಳ ಕ್ರಮ ಮತಯಂತ್ರದಲ್ಲಿರುವ ಕ್ರಮವೇ: ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ನೋಂದಾಯಿತ ಆದರೆ ಮಾನ್ಯತೆಯಿಲ್ಲದ ಪಕ್ಷಗಳವರು ಆಮೇಲೆ, ಪಕ್ಷೇತರರು ಕೊನೆಗೆ. ಪ್ರತಿ ಗುಂಪಿನೊಳಗೆ ಅಕ್ಷರಕ್ರಮ. ಹೀಗಾಗಿ 2013ರಲ್ಲಿ ಎರಡನೇ ಕಾಲಂನಲ್ಲಿದ್ದ ಪಕ್ಷ 2018ರಲ್ಲಿ ಮೊದಲನೆಯದೋ ಮೂರನೆಯದೋ ಆಗಿರಬಹುದು. ಹಾಳೆಗಳನ್ನು ಹಾಗೇ ಪಕ್ಕಪಕ್ಕ ಅಂಟಿಸಿದರೆ ಒಬ್ಬರ ಮತ ಇನ್ನೊಬ್ಬರ ತಲೆಗೆ ಹೋಗುತ್ತದೆ. ಪಕ್ಷೇತರರಲ್ಲಿ ಪ್ರಮುಖ ಅಭ್ಯರ್ಥಿಯದೇ ಹೆಸರಿನವರು ಇದ್ದರೆ ಇನ್ನೂ ಜಾಗ್ರತೆ ಬೇಕು. ಟೈಪಿಸಿ ಮುಗಿಸಿದ ಕೂಡಲೇ ಪ್ರತಿ ಕಾಲಂ ಕೂಡಿ, ಅಂಚೆ ಮತ ಸೇರಿಸಿ, ಘೋಷಿತ ಒಟ್ಟು ಮತದ ಜೊತೆ ತಾಳೆ ನೋಡಬೇಕು. ಒಂದು ಮತದ ವ್ಯತ್ಯಾಸವಿದ್ದರೂ ಮುಂದಕ್ಕೆ ಹೋಗಬಾರದು. ಎಲ್ಲೋ 3 ಎಂಬುದು 8 ಆಗಿರುತ್ತದೆ.

ಎರಡನೇ ತೊಡಕು ಮತಗಟ್ಟೆ ಸಂಖ್ಯೆಯದು. ಒಂದು ಮತಗಟ್ಟೆಗೆ ಇಷ್ಟೇ ಮತದಾರರು ಎಂಬ ಮಿತಿಯನ್ನು ಚುನಾವಣಾ ಆಯೋಗ ಆಗಾಗ ಬದಲಿಸಿದೆ. 2023ರಲ್ಲಿ 1,500 ಇತ್ತು, 2025ರಲ್ಲಿ 1,200ಕ್ಕೆ ಇಳಿಸುವ ತೀರ್ಮಾನವಾಯಿತು. ಮಿತಿ ದಾಟಿದ ಮತಗಟ್ಟೆ ಒಡೆಯುತ್ತದೆ, ಅಥವಾ ಪಕ್ಕದಲ್ಲೇ 'ಎ' ಎಂಬ ಹೆಚ್ಚುವರಿ ಮತಗಟ್ಟೆ ಬರುತ್ತದೆ. ಒಂದು ಒಡೆದರೆ ಅದರ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಹುಟಗಳ್ಳಿ, ಕೂರ್ಗಳ್ಳಿ ಕಡೆಯಂಥ ಬೆಳೆಯುತ್ತಿರುವ ಜಾಗಗಳಿರುವ ಕ್ಷೇತ್ರದಲ್ಲಿ 2013ರ ಮತಗಟ್ಟೆ 100 ಮತ್ತು 2023ರ ಮತಗಟ್ಟೆ 100 ಒಂದೇ ಊರಿನವು ಎಂದು ನಂಬಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಹಾಗಾಗಿ ಸಂಖ್ಯೆಯನ್ನು ಬಿಟ್ಟು ಊರನ್ನು ಆಧಾರವಾಗಿ ಹಿಡಿಯಬೇಕು. ಒಂದು ಊರಿನ ಎಲ್ಲ ಮತಗಟ್ಟೆಗಳನ್ನು ಕೂಡಿ ಒಂದೇ ಸಾಲು ಮಾಡಬೇಕು, ಆಮೇಲೆ ಊರುಗಳನ್ನು ಗ್ರಾಮ ಪಂಚಾಯಿತಿಗೆ, ಪಂಚಾಯಿತಿಗಳನ್ನು ಹೋಬಳಿಗೆ. ನಗರದ ಭಾಗದಲ್ಲಿ ಇದು ಇನ್ನೂ ಕಷ್ಟ: 2008ರ ಆದೇಶದಲ್ಲಿರುವ ವಾರ್ಡ್ ಸಂಖ್ಯೆಗಳು ಆ ಕಾಲದವು, ಮಹಾನಗರ ಪಾಲಿಕೆಯ ವಾರ್ಡ್‌ಗಳು ಆಮೇಲೆ ಮರುವಿಂಗಡಣೆಯಾಗಿವೆ. ಹಳ್ಳಿಗಳೆಂದು ಆದೇಶದಲ್ಲಿರುವ ಕೆಲವು ಜಾಗಗಳು ಆಮೇಲೆ ಹುಟಗಳ್ಳಿ ನಗರಸಭೆಯಂಥ ಸ್ಥಳೀಯ ಸಂಸ್ಥೆಗಳಿಗೆ ಸೇರಿದವು. ಪಾಲಿಕೆಯ ಗಡಿ ಬದಲಾದರೂ ವಿಧಾನಸಭಾ ಕ್ಷೇತ್ರದ ಗಡಿ ಬದಲಾಗುವುದಿಲ್ಲ.

ಎಣಿಕೆಯ ದಿನದ ಸುತ್ತುಗಳ ಲೆಕ್ಕವೂ ಇಲ್ಲೇ ಅರ್ಥವಾಗುತ್ತದೆ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಮೇಜು, ಒಂದು ಸುತ್ತಿಗೆ 14 ಮತಗಟ್ಟೆ. ಮುನ್ನೂರು ಮತಗಟ್ಟೆಗಳಿದ್ದರೆ 22 ಸುತ್ತು. ಮತಗಟ್ಟೆಗಳನ್ನು ಊರಿನ ಪಕ್ಕದ ಊರು ಎಂಬಂತೆ ಸಂಖ್ಯೆ ಕೊಡುತ್ತ ಹೋಗುವುದರಿಂದ ಮೊದಲ ಸುತ್ತುಗಳೆಲ್ಲ ಕ್ಷೇತ್ರದ ಒಂದೇ ಮೂಲೆಯವು. ಟಿವಿಯಲ್ಲಿ 'ಆರಂಭಿಕ ಹಿನ್ನಡೆ', 'ಭರ್ಜರಿ ಚೇತರಿಕೆ' ಎಂದು ಬರುವುದು ಬಹುತೇಕ ಈ ಸಂಖ್ಯೆಯ ಆಟ. ಮತಗಳು ಆ ಹೊತ್ತಿಗೆ ಯಂತ್ರದೊಳಗೆ ಬಿದ್ದು ಎಷ್ಟೋ ದಿನವಾಗಿರುತ್ತದೆ.

ಹಳೆಯ ನಕ್ಷೆಯ ಕಾಲಕ್ಕೆ ಈ ವಿಧಾನ ಪೂರ್ತಿ ಒಗ್ಗುವುದಿಲ್ಲ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು. ಯಾವ ಊರು ಯಾರಿಗೆ ಹಾಕಿತು ಎಂದು ಗೊತ್ತಾಗಿ ಸೋತವರು ಗೆದ್ದವರು ಹಗೆ ಸಾಧಿಸಬಾರದು ಎಂಬ ಕಾರಣಕ್ಕೆ. ರಾಜ್ಯದಾದ್ಯಂತ ಮತಯಂತ್ರ ಬಂದದ್ದು 2004ರ ಚುನಾವಣೆಯಿಂದ. ಆದ್ದರಿಂದ 1983 ಅಥವಾ 1989ರ ಊರುವಾರು ಮತ ಇಷ್ಟಿತ್ತು ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಅದು ಏಜೆಂಟರ ಅಂದಾಜೇ ಹೊರತು ದಾಖಲೆಯಲ್ಲ. ಹಳೆಯ ಕಾಲಕ್ಕೆ ಕ್ಷೇತ್ರದ ಒಟ್ಟು ಅಂಕಿಯಲ್ಲೇ ತೃಪ್ತಿಪಡಬೇಕು.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಇನ್ನೂ ಮೂರು ಕಡೆ ಎಚ್ಚರ ಬೇಕು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ 1989ರದ್ದು. 1985ಕ್ಕಿಂತ ಮತದಾರರು ಹೆಚ್ಚಿದ್ದರಲ್ಲಿ ಅದರ ಪಾಲು ದೊಡ್ಡದು, ಮತಸಂಖ್ಯೆ ಬಿಟ್ಟು ಶೇಕಡಾವಾರು ನೋಡಬೇಕು. ನೋಟಾ ಬಂದದ್ದು 2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಅಂದರೆ ಆ ವರ್ಷದ ಮೇ ತಿಂಗಳ ನಮ್ಮ ಚುನಾವಣೆಯಲ್ಲಿ ಅದು ಇರಲಿಲ್ಲ. 2018ರ ಶೇಕಡಾವಾರು ಲೆಕ್ಕ ಹಾಕುವಾಗ ನೋಟಾ ಸೇರಿಸಿದ್ದೀರಾ ಬಿಟ್ಟಿದ್ದೀರಾ ಎಂದು ಬರೆದಿಡಬೇಕು. ಇನ್ನು 2023ರಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಆ ಮತಗಳು ಅಂಚೆ ಮತದ ಸಾಲಿಗೆ ಸೇರುತ್ತವೆ, ಊರಿನ ಸಾಲಿನಲ್ಲಿ ಕಾಣುವುದಿಲ್ಲ. ಹಿರಿಯರು ಹೆಚ್ಚಿರುವ ಊರಿನಲ್ಲಿ ಮತದಾನ ಕಡಿಮೆಯಾದಂತೆ ಕಂಡರೆ ಅದಕ್ಕೆ ಇದೂ ಕಾರಣವಿರಬಹುದು.

2018ರ ಫಲಿತಾಂಶದಲ್ಲಿ ಬಿಜೆಪಿಯ ಅಂಕಿ ವಿಶೇಷ ಗಮನಕ್ಕೆ ಯೋಗ್ಯ. ರಾಜ್ಯದಲ್ಲಿ 104 ಸ್ಥಾನ ಪಡೆದು ದೊಡ್ಡ ಪಕ್ಷವಾದ ಬಿಜೆಪಿಗೆ ಇಲ್ಲಿ ಬಂದದ್ದು ಸುಮಾರು 12 ಸಾವಿರ ಮತ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗ ಬೇಕು. ಮೊದಲ ಇಬ್ಬರ ಮತ ಕೂಡಿದರೇ 2,06,608, ಅದರ ಆರನೇ ಒಂದು ಭಾಗ 34 ಸಾವಿರದ ಮೇಲಾಗುತ್ತದೆ. 10 ಸಾವಿರ ರೂಪಾಯಿ ಠೇವಣಿ ಹೋಯಿತು. 2023ರಲ್ಲಿ ಬಿಜೆಪಿಯ ಮತ ಹಲವು ಪಟ್ಟು ಏರಿತು, ಜಿ.ಟಿ. ದೇವೇಗೌಡರ ಮತವೂ ಅಂತರವೂ ಇಳಿದವು. 2018ರಲ್ಲಿ ಬಿಜೆಪಿಯ ಮತ ಸಾರಾಸಗಟಾಗಿ ಜೆಡಿಎಸ್‌ಗೆ ಹೋಯಿತು ಎಂಬ ಮಾತನ್ನು ಈ ಏರಿಳಿತ ಬೆಂಬಲಿಸುವಂತಿದೆ. ಆದರೂ ಒಂದು ಮಿತಿ ನೆನಪಿರಲಿ: ಮತಗಟ್ಟೆಯ ಅಂಕಿ ಊರಿನದು, ಒಬ್ಬೊಬ್ಬ ಮತದಾರನದಲ್ಲ. ಒಂದು ಊರಿನಲ್ಲಿ ಬಿಜೆಪಿ 200 ಇಳಿದು ಜೆಡಿಎಸ್ 200 ಏರಿದರೆ ಅದೇ 200 ಜನ ಹೋದರು ಎಂದು ಸಾಬೀತಾಗುವುದಿಲ್ಲ. ಬಿಜೆಪಿಯಿಂದ ಕಾಂಗ್ರೆಸ್‌ಗೆ, ಕಾಂಗ್ರೆಸ್‌ನಿಂದ ಜೆಡಿಎಸ್‌ಗೆ ಹೋಗಿದ್ದರೂ ಅಂಕಿ ಹಾಗೇ ಕಾಣುತ್ತದೆ. ಹತ್ತಾರು ಊರುಗಳಲ್ಲಿ ಒಂದೇ ರೀತಿ ಕಂಡಾಗ ಊಹೆ ಗಟ್ಟಿಯಾಗುತ್ತದೆ, ಅಷ್ಟೆ. 2013ನ್ನು ಸೇರಿಸಿ ಹೋಲಿಸುವವರು ಆ ವರ್ಷ ಬಿಜೆಪಿ ತೊರೆದಿದ್ದ ಯಡಿಯೂರಪ್ಪನವರ ಕೆಜೆಪಿ ಬೇರೆಯಾಗಿ ನಿಂತಿತ್ತು ಎಂಬುದನ್ನು ಮರೆತರೆ ಬಿಜೆಪಿಯ ಬಲವನ್ನು ತಪ್ಪಾಗಿ ಅಳೆದಂತಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಜಾತಿ ಲೆಕ್ಕದ್ದು. ಚುನಾವಣೆ ಬಂತೆಂದರೆ ಒಕ್ಕಲಿಗರು ಇಷ್ಟು ಸಾವಿರ, ಕುರುಬರು ಇಷ್ಟು, ಲಿಂಗಾಯತರು ಇಷ್ಟು, ದಲಿತರು, ನಾಯಕರು ಇಷ್ಟು ಎಂದು ಚೌಕಟ್ಟು ಹಾಕಿದ ಪಟ್ಟಿಗಳು ಓಡಾಡುತ್ತವೆ. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. 2001, 2011ರ ಜನಗಣತಿಯಲ್ಲಿ ಊರುವಾರು ಸಿಗುವುದು ಪರಿಶಿಷ್ಟ ಜಾತಿ ಮತ್ತು ಪಂಗಡದ ಜನಸಂಖ್ಯೆ ಮಾತ್ರ. ಉಳಿದವೆಲ್ಲ ಪಕ್ಷಗಳ ಕಾರ್ಯಕರ್ತರು ಮನೆಮನೆ ಲೆಕ್ಕ ಹಾಕಿ ಮಾಡಿದ ಅಂದಾಜು. ಹೊಸ ನಕ್ಷೆಯ ಚಾಮುಂಡೇಶ್ವರಿಯಲ್ಲಿ ಒಕ್ಕಲಿಗರ ತೂಕ ಹೆಚ್ಚು ಎಂಬುದನ್ನು ಎಲ್ಲ ಪಕ್ಷದವರೂ ಒಪ್ಪುತ್ತಾರೆ, ಟಿಕೆಟ್ ಹಂಚಿಕೆಯಲ್ಲೇ ಅದು ಕಾಣುತ್ತದೆ. ಆದರೆ ಅದನ್ನು ಸಾವಿರದ ಲೆಕ್ಕದಲ್ಲಿ ಬರೆದು, ಕೂಡಿ ಕಳೆದು, ಫಲಿತಾಂಶಕ್ಕೆ ಕಾರಣ ಎಂದು ತೋರಿಸುವುದು ಊರ ಜನರ ವಿವೇಕಕ್ಕೆ ಮಾಡುವ ಅವಮಾನ. ಒಂದೇ ಊರು 2013, 2018, 2023ರಲ್ಲಿ ಮೂರು ರೀತಿ ಮತ ಹಾಕಿದ ಉದಾಹರಣೆ ನಮೂನೆ 20ರಲ್ಲಿ ಸಿಕ್ಕರೆ, ಆ ಹತ್ತು ವರ್ಷದಲ್ಲಿ ಊರಿನ ಜಾತಿ ಪ್ರಮಾಣ ಅಷ್ಟು ಬದಲಾಗಿರುವುದಿಲ್ಲ. ಕುಡಿಯುವ ನೀರು, ರಿಂಗ್ ರಸ್ತೆಯಾಚೆ ಬಡಾವಣೆಗೆ ಹೋದ ಜಮೀನು, ಸೊಸೈಟಿ ಸಾಲ, ಹಾಲಿನ ಡೇರಿಯ ಚುನಾವಣೆಯಲ್ಲಿ ಆದ ಬಣ, ಇವನ್ನೆಲ್ಲ ವಿಚಾರಿಸದೆ ಇತಿಹಾಸ ಪೂರ್ಣವಾಗುವುದಿಲ್ಲ.

ನಗರ ಬೆಳೆದದ್ದರಿಂದ ಆದ ಬದಲಾವಣೆ ಹೊಸ ನಕ್ಷೆಯನ್ನೂ ಒಳಗಿನಿಂದ ಹಿಗ್ಗಿಸುತ್ತಿದೆ. 2001ರ ಜನಗಣತಿಯ ಮೇಲೆ ಜಿಲ್ಲೆಯ ಸರಾಸರಿ 2.40 ಲಕ್ಷ ಜನಸಂಖ್ಯೆಯ ಆಸುಪಾಸಿಗೆ ಹೊಂದಿಸಿದ ಕ್ಷೇತ್ರಗಳಲ್ಲಿ ಚಾಮುಂಡೇಶ್ವರಿ 2023ರ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ಮತದಾರರೊಂದಿಗೆ ಜಿಲ್ಲೆಯಲ್ಲೇ ದೊಡ್ಡದಾಗಿತ್ತು. ಅಂದಿನ ಇಡೀ ಜನಸಂಖ್ಯೆಗಿಂತ ಇಂದಿನ ಮತದಾರರೇ ಹೆಚ್ಚು. ಪಕ್ಕದ ವರುಣಾ ಇನ್ನೂ ಹೆಚ್ಚಾಗಿ ಹಳ್ಳಿಗಳದೇ ಕ್ಷೇತ್ರ, ಅಲ್ಲಿ ಮತದಾರರು ಇದಕ್ಕಿಂತ ಬಹಳ ಕಡಿಮೆ. ಒಬ್ಬ ಶಾಸಕರಿಗೆ ಅನುದಾನ ಅಷ್ಟೇ, ಕಚೇರಿ ಒಂದೇ, ಜನ ಮಾತ್ರ ಹೆಚ್ಚು. ಇಲ್ಲಿಯ ಶಾಸಕರಿಗೆ ಚಾಮುಂಡಿ ಬೆಟ್ಟದ ಮೇಲೆ ದಸರಾ ಉದ್ಘಾಟನೆಯ ಅಧ್ಯಕ್ಷತೆ ವಹಿಸುವ ಗೌರವ ಸಿಗುತ್ತದೆ, ಅದರ ಕೆಳಗೆ ಜಯಪುರದ ಒಣಭೂಮಿಯ ರೈತನೂ ಕೂರ್ಗಳ್ಳಿಯ ಕಾರ್ಖಾನೆ ಕಾರ್ಮಿಕನೂ ಹೊಸ ಬಡಾವಣೆಯ ನಿವೃತ್ತ ನೌಕರನೂ ಒಂದೇ ಪಟ್ಟಿಯಲ್ಲಿದ್ದಾರೆ.

ಸಂವಿಧಾನದ 84ನೇ ತಿದ್ದುಪಡಿಯಂತೆ ಸ್ಥಾನಗಳ ಸಂಖ್ಯೆ 2026ರ ನಂತರದ ಮೊದಲ ಜನಗಣತಿಯವರೆಗೆ ಹೀಗೇ ಇರಬೇಕು. ಅದಾದ ಮೇಲೆ ಪುನರ್ವಿಂಗಡಣೆ ಬಂದಾಗ ಚಾಮುಂಡೇಶ್ವರಿ ಮುಟ್ಟದೆ ಉಳಿಯುವ ಸಾಧ್ಯತೆ ಬಹಳ ಕಡಿಮೆ. ಕರಡು ಆದೇಶ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು, ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಲು ಯಾರಿಗೂ ಅವಕಾಶವಿದೆ. ಆ ಹೊತ್ತಿಗೆ ಊರುವಾರು ಸಾಲು ಕೈಯಲ್ಲಿದ್ದವರ ಮಾತಿಗೆ ತೂಕವಿರುತ್ತದೆ. 2008, 2013, 2018, 2023ರ ನಮೂನೆ 20 ಮತ್ತು ಆಯಾ ವರ್ಷದ ಮತಗಟ್ಟೆ ಪಟ್ಟಿಗಳನ್ನು ಈಗಲೇ ಇಳಿಸಿಕೊಂಡು, ಕಡತದ ಹೆಸರಿನಲ್ಲೇ ವರ್ಷ ಮತ್ತು 215 ಎಂಬ ಸಂಖ್ಯೆ ಬರೆದು ಎರಡು ಕಡೆ ಇಟ್ಟುಕೊಳ್ಳಿ. ಜಾಲತಾಣ ಹೊಸದಾದಾಗ ಹಳೆಯ ಕೊಂಡಿಗಳು ಕೆಲಸ ಮಾಡುವುದಿಲ್ಲ. ಅದರಲ್ಲೂ ಮತಗಟ್ಟೆ ಪಟ್ಟಿ ಕೈತಪ್ಪಿದರೆ ನಮೂನೆ 20ರ ಸಾಲುಗಳು ಯಾವ ಊರಿನವು ಎಂದು ಆಮೇಲೆ ಹೊಂದಿಸುವುದು ತೀರಾ ಕಷ್ಟ.